ಪೋರ್ಟಬಲ್ ಹೆಡ್‌ಫೋನ್: ನಾದ, ಹಿತ, ಬಾಳಿಕೆ

ಪೋರ್ಟಬಲ್ ಹೆಡ್‌ಫೋನ್ ಎಂದರೆ ಚೀಲದಲ್ಲಿ ಹಾಕಿಕೊಂಡು ಹೋಗಬಹುದಾದ, ಮೊಬೈಲಿನಂಥ ಸಣ್ಣ ಉಪಕರಣಕ್ಕೆ ಜೋಡಿಸಿದರೂ ಬೇಕಾದಷ್ಟು ಸದ್ದು ಕೊಡುವ, ತಲೆಗೆ ತೊಡುವ ಧ್ವನಿಸಾಧನ. ಕಿವಿಯೊಳಗೆ ತೂರಿಸಿಕೊಳ್ಳುವ ಇಯರ್‌ಫೋನ್, ಇಯರ್‌ಬಡ್‌ಗಳದು ಬೇರೆಯೇ ಜಾತಿ. ಇಲ್ಲಿ ಹೇಳುತ್ತಿರುವುದು ತಲೆಪಟ್ಟಿ ಇರುವ ಎರಡು ಬಗೆಗಳ ವಿಚಾರ: ಕಿವಿಯ ಮೇಲೆ ಕೂರುವವು ಮತ್ತು ಕಿವಿಯನ್ನು ಪೂರ್ತಿ ಸುತ್ತುವರಿಯುವವು. ಇವನ್ನು ಹೋಲಿಸುವಾಗ ಧ್ವನಿ ಹೇಗಿದೆ, ತೊಟ್ಟರೆ ಹಿತವಾಗಿದೆಯೇ, ಎಷ್ಟು ಕಾಲ ಬಾಳುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಿ, ಮೂರಕ್ಕೂ ಪ್ರತ್ಯೇಕ ಅಂಕ ಹಾಕುವುದು ರೂಢಿ. ಆದರೆ ಮೂರೂ ಬಹುಮಟ್ಟಿಗೆ ಒಂದೇ ಭಾಗವನ್ನು ನೆಚ್ಚಿಕೊಂಡಿವೆ: ಕಿವಿಗೆ ತಾಗುವ ಕುಶನ್. ಅದು ಸರಿಯಾಗಿ ಕೂರದಿದ್ದರೆ ಧ್ವನಿ ಕೆಡುತ್ತದೆ, ಬಿಗಿಯಾಗಿ ಒತ್ತಿದರೆ ಕಿವಿ ನೋಯುತ್ತದೆ, ಹರಿದುಹೋದರೆ ಒಳ್ಳೆಯ ಹೆಡ್‌ಫೋನೂ ಮೂಲೆ ಸೇರುತ್ತದೆ.

ಹಿನ್ನೆಲೆ

ಹೆಡ್‌ಫೋನ್ ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ, ಟೆಲಿಫೋನ್ ಮತ್ತು ವೈರ್‌ಲೆಸ್ ಕೆಲಸಕ್ಕಾಗಿ. ಅಮೆರಿಕದ ಯೂಟಾ ರಾಜ್ಯದ ನತಾನಿಯೆಲ್ ಬಾಲ್ಡ್‌ವಿನ್ ತನ್ನ ಅಡುಗೆಮನೆಯಲ್ಲೇ ಕೂತು ತಯಾರಿಸಿದ ಜೋಡಿಗಳನ್ನು 1910ರ ಸುಮಾರಿಗೆ ಆ ದೇಶದ ನೌಕಾಪಡೆ ಕೊಳ್ಳತೊಡಗಿತು. ಬರ್ಲಿನ್ನಿನಲ್ಲಿ ಓಯ್ಗೆನ್ ಬೇಯರ್ ಅವರ ಸಂಸ್ಥೆ 1937ರಲ್ಲಿ ಡಿಟಿ 48 ಎಂಬ ಡೈನಮಿಕ್ ಹೆಡ್‌ಫೋನನ್ನು ಹೊರತಂದಿತು. 1958ರಲ್ಲಿ ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೊ ಸಂಗೀತ ಕೇಳುವುದಕ್ಕೆಂದೇ ಒಂದು ಜೋಡಿಯನ್ನು ರೂಪಿಸಿದ ಮೇಲೆ ಹೆಡ್‌ಫೋನ್ ಮನೆಯೊಳಗೆ ಬಂತು. ಆದರೂ ಅದು ಕುರ್ಚಿ ಬಿಟ್ಟು ಏಳಲಿಲ್ಲ. ಆ ಕಾಲದ ಸಾಮಾನ್ಯ ಹೆಡ್‌ಫೋನ್ 300ರಿಂದ 400 ಗ್ರಾಂ ತೂಗುತ್ತಿತ್ತು.

ಹಗುರವಾಗುವ ದಾರಿ ತೋರಿಸಿದ್ದು 1968ರ ಸೆನ್‌ಹೈಸರ್ ಎಚ್‌ಡಿ 414. ಕಿವಿಯನ್ನು ಮುಚ್ಚಿಹಾಕುವ ಭಾರದ ಬಟ್ಟಲುಗಳ ಬದಲು ಹಿಂಬದಿ ತೆರೆದ ಪ್ಲಾಸ್ಟಿಕ್ ಚೌಕಟ್ಟು, ಮುಂದೆ ಹಳದಿ ಸ್ಪಂಜು, ಅಷ್ಟೇ. ಈ ‘ಓಪನ್’ ವಿನ್ಯಾಸದ ಮಾದರಿ ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು. 1979ರ ಜುಲೈ 1ರಂದು ಜಪಾನಿನಲ್ಲಿ ಸೋನಿ ವಾಕ್‌ಮನ್ ಮಾರಾಟಕ್ಕೆ ಬಂದಾಗ ಅದರ ಜೊತೆಗಿದ್ದ ಸ್ಪಂಜಿನ ಹೆಡ್‌ಫೋನ್ 50 ಗ್ರಾಂ ಆಸುಪಾಸಿನದು. ಟೇಪ್ ಪ್ಲೇಯರನ್ನು ಜೇಬಿಗೆ ಇಳಿಸಿದ್ದು ಹೇಗೂ ದೊಡ್ಡ ಕೆಲಸವೇ. ಆದರೆ ಆ ಹಗುರ ಹೆಡ್‌ಫೋನ್ ಇಲ್ಲದಿದ್ದರೆ ವಾಕ್‌ಮನ್ ಹಾಕಿಕೊಂಡು ಯಾರೂ ನಡೆಯುತ್ತಿರಲಿಲ್ಲ. ಇವತ್ತಿನ ಪೋರ್ಟಬಲ್ ಹೆಡ್‌ಫೋನುಗಳೆಲ್ಲ ಅದರ ಸಂತತಿ.

ಧ್ವನಿ

ಬಹುತೇಕ ಎಲ್ಲ ಪೋರ್ಟಬಲ್ ಹೆಡ್‌ಫೋನುಗಳ ಒಳಗಿರುವುದು ಡೈನಮಿಕ್ ಡ್ರೈವರ್. ತೆಳು ಪ್ಲಾಸ್ಟಿಕ್ ಪೊರೆಗೆ ಅಂಟಿಸಿದ ತಂತಿಯ ಸುರುಳಿ ಆಯಸ್ಕಾಂತದ ಸಂದಿನಲ್ಲಿ ನಿಂತಿರುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಪೊರೆ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಇದರ ವ್ಯಾಸ ಸಾಮಾನ್ಯವಾಗಿ 30ರಿಂದ 50 ಮಿಲಿಮೀಟರ್. ಡ್ರೈವರ್ ದೊಡ್ಡದಾದಷ್ಟೂ ಬೇಸ್ ಚೆನ್ನ ಎಂದು ಡಬ್ಬದ ಮೇಲೆ ಬರೆದಿರುತ್ತಾರೆ. ಅದನ್ನು ನಂಬಬೇಕಾಗಿಲ್ಲ. ಮುಚ್ಚಿದ ಹೆಡ್‌ಫೋನಿನಲ್ಲಿ ಬೇಸ್ ಹುಟ್ಟುವುದು ಪೊರೆಗೂ ಕಿವಿಗೂ ನಡುವೆ ಸಿಕ್ಕಿಕೊಂಡಿರುವ ಸ್ವಲ್ಪ ಗಾಳಿಯನ್ನು ಅದುಮಿ ಬಿಡುವುದರಿಂದ. ಆ ಗಾಳಿ ಹೊರಗೆ ಸೋರಿದರೆ ಬೇಸೂ ಸೋರಿಹೋಗುತ್ತದೆ. ಕನ್ನಡಕದ ಕಡ್ಡಿ ಕುಶನ್ನನ್ನು ಚೂರು ಎತ್ತಿದರೆ ಸಾಕು, ಮೃದಂಗದ ಎಡಗೈ ಗುಂಕಿ ಸಣಕಲಾಗುತ್ತದೆ. ಬಲಗೈಯ ನುಡಿಗಳು ಮಾತ್ರ ಮೊದಲಿನಂತೆಯೇ ಖಣಖಣ ಎನ್ನುತ್ತಿರುತ್ತವೆ. ಒಂದೇ ಹೆಡ್‌ಫೋನನ್ನು ಒಬ್ಬರು ‘ಬೇಸ್ ಜಾಸ್ತಿ’ ಎಂದೂ ಇನ್ನೊಬ್ಬರು ‘ಬೇಸೇ ಇಲ್ಲ’ ಎಂದೂ ಹೇಳುವುದರ ಹಿಂದೆ ಅಭಿರುಚಿಗಿಂತ ಹೆಚ್ಚಾಗಿ ತಲೆಯ ಆಕಾರ, ಕೂದಲು, ಕನ್ನಡಕಗಳೇ ಇರುತ್ತವೆ.

ಹಾಗಾದರೆ ಒಳ್ಳೆಯ ಧ್ವನಿ ಎಂದರೆ ಯಾವುದು? ಎಲ್ಲ ಆವರ್ತನಗಳನ್ನೂ ಸಮನಾಗಿ ಹೊರಡಿಸುವುದು ಎಂಬ ಉತ್ತರ ಸ್ಪೀಕರಿಗೆ ಹೊಂದುತ್ತದೆ, ಹೆಡ್‌ಫೋನಿಗೆ ಹೊಂದುವುದಿಲ್ಲ. ಎದುರಿಗೆ ಇರುವ ಸ್ಪೀಕರಿನ ಸದ್ದು ಕೋಣೆಯ ಗೋಡೆಗಳಿಗೆ ಬಡಿದು, ನಮ್ಮ ಹೆಗಲು, ತಲೆ, ಕಿವಿಯ ಹಾಲೆಗಳನ್ನು ಸವರಿಕೊಂಡು ತಮಟೆಯನ್ನು ಮುಟ್ಟುತ್ತದೆ. ಆ ಹಾದಿಯಲ್ಲಿ 3,000 ಹರ್ಟ್ಸ್ ಆಸುಪಾಸಿನ ಸದ್ದು ಗಣನೀಯವಾಗಿ ಏರುತ್ತದೆ, ಕೋಣೆಯಿಂದಾಗಿ ಬೇಸೂ ಸ್ವಲ್ಪ ಏರುತ್ತದೆ. ಹೆಡ್‌ಫೋನ್ ಈ ಹಾದಿಯನ್ನು ತಪ್ಪಿಸಿ ನೇರವಾಗಿ ಕಿವಿಯ ಬಾಗಿಲಲ್ಲಿ ನಿಲ್ಲುವುದರಿಂದ ಆ ಏರಿಕೆಗಳನ್ನು ತಾನೇ ಕೂಡಿಸಿ ಕೊಡಬೇಕಾಗುತ್ತದೆ. ಹರ್ಮನ್ ಸಂಸ್ಥೆಯ ಶಾನ್ ಆಲಿವ್, ಟಾಡ್ ವೆಲ್ಟಿ ಮತ್ತು ಸಂಗಡಿಗರು 2012-13ರಿಂದ ಬಗೆಬಗೆಯ ಕೇಳುಗರನ್ನು ಕೂರಿಸಿ, ಹೆಸರು ಬೆಲೆ ಯಾವುದನ್ನೂ ತಿಳಿಸದೆ ಕೇಳಿಸಿ, ಹೆಚ್ಚಿನವರಿಗೆ ಯಾವ ಏರಿಳಿತ ಸಹಜವೆನಿಸುತ್ತದೆ ಎಂದು ಗುರುತಿಸಿದರು. ‘ಹರ್ಮನ್ ಟಾರ್ಗೆಟ್’ ಎಂದು ಹೆಸರಾದ ಆ ರೇಖೆಯನ್ನು ಇಂದು ಅನೇಕ ತಯಾರಕರೂ ಪರೀಕ್ಷಕರೂ ಅಳತೆಗೋಲಾಗಿ ಬಳಸುತ್ತಾರೆ. ಅದನ್ನು ಒಪ್ಪದವರೂ ಇದ್ದಾರೆ. ಅದರ ಬೇಸ್ ತುಸು ಹೆಚ್ಚೇ ಎನ್ನುವವರ ಮಾತಿನಲ್ಲಿ, ವೀಣೆ, ಕೊಳಲಿನ ಕಚೇರಿಗಳನ್ನೇ ಕೇಳುವವರ ಮಟ್ಟಿಗಾದರೂ, ಹುರುಳಿದೆ. ಆದರೆ ಅಳತೆಯೇ ಬೇಡ, ಕಿವಿಯೇ ಸಾಕು ಎನ್ನುವ ವಾದವನ್ನು ಒಪ್ಪುವುದು ಕಷ್ಟ.

ಏಕೆಂದರೆ ಕಿವಿ ಬೆಲೆಗೂ ಹೆಸರಿಗೂ ಬಹಳ ಬೇಗ ಮರುಳಾಗುತ್ತದೆ. 2017ರಲ್ಲಿ ಯೆರೂನ್ ಬ್ರೆಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಬೆಲೆಯ ಜೊತೆಗಿಟ್ಟು ನೋಡಿ, ಆವರ್ತನ ಪ್ರತಿಕ್ರಿಯೆಗೂ ಬೆಲೆಗೂ ಸಂಬಂಧವಿಲ್ಲ ಎಂದು ಪ್ರಕಟಿಸಿದರು. ಸದ್ದಿನ ಮಟ್ಟವೂ ಮೋಸ ಮಾಡುತ್ತದೆ. ಮೆಲ್ಲಗೆ ಕೇಳುವಾಗ ನಮಗೆ ಬೇಸ್ ಕಡಿಮೆ ಕೇಳಿಸುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟಿದ್ದರು. ಆದ್ದರಿಂದ ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಎರಡರ ಸದ್ದೂ ಸಮನಾಗಿರಬೇಕು. ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಎನಿಸುವುದು ಖಂಡಿತ. ಡಬ್ಬದ ಮೇಲಿನ ‘20–20,000 ಹರ್ಟ್ಸ್’ ಎಂಬ ಸಾಲಿನಿಂದಲೂ ಏನೂ ತಿಳಿಯುವುದಿಲ್ಲ; ಆ ವ್ಯಾಪ್ತಿಯೊಳಗೆ ಸದ್ದು ಎಷ್ಟು ಡೆಸಿಬಲ್ ಹತ್ತಿ ಇಳಿಯುತ್ತದೆ ಎಂಬುದನ್ನು ಅಲ್ಲಿ ಹೇಳಿರುವುದಿಲ್ಲ. ಓಮ್‌ಗಳಲ್ಲಿ ಕೊಡುವ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಮತ್ತು ಸೆನ್ಸಿಟಿವಿಟಿ (ಕೊಟ್ಟ ವಿದ್ಯುತ್ತಿಗೆ ಹೊರಡುವ ಸದ್ದು) ಎಂಬ ಎರಡು ಅಂಕಿಗಳು ಮಾತ್ರ ವೈರ್ ಇರುವ ಹೆಡ್‌ಫೋನಿಗೆ ಉಪಯುಕ್ತ. ಮೊಬೈಲ್ ಕೊಡುವುದು ಹೆಚ್ಚೆಂದರೆ ಒಂದು ವೋಲ್ಟ್ ಆಸುಪಾಸು. ಸ್ಟುಡಿಯೋಗಳಿಗೆಂದು ಮಾಡಿದ 250 ಅಥವಾ 300 ಓಮ್‌ನ ಜೋಡಿಗಳು ಅದರಲ್ಲಿ ಸೊರಗುತ್ತವೆ. 70 ಓಮ್ ಒಳಗಿನವು ಸಾಮಾನ್ಯವಾಗಿ ಸಲೀಸಾಗಿ ನುಡಿಯುತ್ತವೆ.

ಕೇಳಿ ನೋಡುವುದಕ್ಕೆ ಎಂಥ ಸಂಗೀತ ಬೇಕು ಎಂಬುದೂ ಮುಖ್ಯ. ತಂಬೂರಿಯ ಶ್ರುತಿ ಅತ್ಯುತ್ತಮ ಪರೀಕ್ಷೆ. ತಂತಿಯ ಕೆಳಗಿನ ನೂಲಾದ ಜೀವಾಳವನ್ನು ಸರಿಯಾಗಿ ಕೂರಿಸಿದ ತಂಬೂರಿಯಲ್ಲಿ ಒಂದೇ ತಂತಿಯಿಂದ ಹತ್ತಾರು ಉಪಸ್ವರಗಳು ಅರಳುತ್ತವೆ. ಟ್ರೆಬಲ್‌ನಲ್ಲಿ ಕೋಡುಗಳಿರುವ ಹೆಡ್‌ಫೋನಿನಲ್ಲಿ ಆ ಝೇಂಕಾರ ಒರಟಾಗಿ ಕೆರೆಯುತ್ತದೆ, ಟ್ರೆಬಲ್ ಕುಸಿದಿರುವುದರಲ್ಲಿ ಮಂಕಾಗುತ್ತದೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರ 78 ಆರ್‌ಪಿಎಂ ಕಾಲದ ಧ್ವನಿಮುದ್ರಣಗಳನ್ನು ಹಾಕಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಅವು ಮೋನೊ ಆದ್ದರಿಂದ ಗಾಯನ ತಲೆಯ ನಟ್ಟನಡುವೆ ನಿಂತು ಕೇಳಿಸುತ್ತದೆ. ಇದು ಹೆಡ್‌ಫೋನಿನ ದೋಷವಲ್ಲ. ಟ್ರೆಬಲ್ ಚುರುಕಾಗಿರುವ ಆಧುನಿಕ ಮಾದರಿಗಳು ಆ ತಟ್ಟೆಗಳ ಕರಕರ ಸದ್ದನ್ನು ಎತ್ತಿ ಮುಂದಿಡುತ್ತವೆ. ಹಳೆಯ ಸಂಗೀತದ ಪ್ರೀತಿ ಇರುವವರಿಗೆ ಮೆದು ಟ್ರೆಬಲ್‌ನ ಜೋಡಿಯೇ ಲೇಸು.

ಹಿತ

ತೂಕ ಕಡಿಮೆಯಾದರೆ ಹಿತ ತಾನೇ ಬರುತ್ತದೆ ಎಂಬುದು ಅರ್ಧ ಸತ್ಯ. ತೂಕ ನೆತ್ತಿಯ ಮೇಲೆ ಕೂರುತ್ತದೆ, ಬಿಗಿ ಕಿವಿಯ ಮೇಲೆ ಕೂರುತ್ತದೆ. ಬಿಗಿಯೇ ಹೆಚ್ಚು ಕಾಡುವುದು. ತಲೆಪಟ್ಟಿ ಸಡಿಲವಾದರೆ ಗಾಳಿ ಸೋರಿ ಬೇಸ್ ಹೋಗುತ್ತದೆ, ನಡೆಯುವಾಗ ಜಾರುತ್ತದೆ. ಬಿಗಿಯಾದರೆ ಬೇಸ್ ಉಳಿಯುತ್ತದೆ, ಕಿವಿ ಕೆಂಪಾಗುತ್ತದೆ. ಕಿವಿಯ ಮೇಲೆ ಕೂರುವ ಬಗೆಯಲ್ಲಿ ಹಾಲೆಯ ಮೃದ್ವಸ್ಥಿ ತಲೆಬುರುಡೆಗೂ ಕುಶನ್ನಿಗೂ ನಡುವೆ ಸಿಕ್ಕಿ ಒಂದು ಗಂಟೆಯೊಳಗೆ ನೋಯತೊಡಗುತ್ತದೆ. ಓಲೆ, ಜುಮಕಿ ಹಾಕಿಕೊಳ್ಳುವವರಿಗೆ ತಿರುಪು ಕತ್ತಿಗೆ ಚುಚ್ಚುವ ತೊಂದರೆ ಬೇರೆ. ವಿದೇಶಿ ವಿಮರ್ಶೆಗಳಲ್ಲಿ ಈ ಮಾತು ಸುಳಿಯುವುದು ಅಪರೂಪ, ನಮ್ಮ ಮನೆಗಳಲ್ಲಿ ಅರ್ಧದಷ್ಟು ಜನರಿಗೆ ಮೊದಲು ತಿಳಿಯಬೇಕಾದದ್ದು ಇದೇ.

ಕಿವಿಯನ್ನು ಸುತ್ತುವರಿಯುವ ಬಗೆಯಲ್ಲಿ ಒತ್ತಡ ಕಿವಿಯ ಸುತ್ತಲ ಮೂಳೆಗೆ ಹೋಗುವುದರಿಂದ ಹೆಚ್ಚು ಹೊತ್ತು ತೊಡಬಹುದು. ಅದಕ್ಕೆ ಕುಶನ್ನಿನ ಒಳಬಾಯಿ ಕಿವಿಗಿಂತ ದೊಡ್ಡದಿರಬೇಕು, ಆಳವೂ ಇರಬೇಕು. ಪೋರ್ಟಬಲ್ ಆಗಿರಲಿ ಎಂದು ಬಟ್ಟಲನ್ನು ಕಿರಿದು ಮಾಡಿದ ಎಷ್ಟೋ ಮಾದರಿಗಳು ಹೆಸರಿಗೆ ಸುತ್ತುವರಿಯುವವು, ತೊಟ್ಟರೆ ಕಿವಿಯ ಅಂಚನ್ನು ತುಳಿಯುವವು. ನಮ್ಮ ಹವೆಯಲ್ಲಿ ಇನ್ನೊಂದು ಕಷ್ಟವಿದೆ. ಏಪ್ರಿಲ್ ತಿಂಗಳ ರಾಯಚೂರಿನಲ್ಲಾಗಲಿ ವರ್ಷವಿಡೀ ಮಂಗಳೂರಿನಲ್ಲಾಗಲಿ ರೆಕ್ಸಿನ್ ಕುಶನ್ನಿನೊಳಗೆ ಕಿವಿ ಬೆವರುತ್ತದೆ. ಸ್ಪಂಜು ಅಥವಾ ಬಟ್ಟೆಯ ಕುಶನ್ ಈ ವಿಷಯದಲ್ಲಿ ಎಷ್ಟೋ ವಾಸಿ. ಆದರೆ ಅದರಿಂದ ಗಾಳಿ ಸೋರುವುದರಿಂದ ಹೊರಗಿನ ಗದ್ದಲ ಒಳಗೆ ಬರುತ್ತದೆ, ಒಳಗಿನ ಹಾಡು ಪಕ್ಕದ ಸೀಟಿನವರಿಗೂ ಕೇಳುತ್ತದೆ.

ಕೆಲವು ಮಾದರಿಗಳು

ಕಾಸ್ ಸಂಸ್ಥೆಯ ಪೋರ್ಟಾ ಪ್ರೊ 1984ರಲ್ಲಿ ಬಂತು, ಇಂದಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮಾರಾಟವಾಗುತ್ತಿದೆ. ಇಷ್ಟು ದೀರ್ಘಾಯುಷ್ಯದ ಗೃಹಬಳಕೆಯ ಎಲೆಕ್ಟ್ರಾನಿಕ್ ವಸ್ತು ಅಪರೂಪ. ತೂಕ 80 ಗ್ರಾಂ ಒಳಗೆ, 60 ಓಮ್. ಎರಡು ತೆಳು ಲೋಹದ ಪಟ್ಟಿಗಳು ಒಂದರ ಮೇಲೊಂದು ಜಾರಿ ತಲೆಯ ಅಳತೆಗೆ ಹೊಂದುತ್ತವೆ. ಉದ್ದ ಕೂದಲಿನವರು ತೆಗೆಯುವಾಗ ಒಂದೆರಡು ಎಳೆ ಆ ಪಟ್ಟಿಗಳ ನಡುವೆ ಸಿಕ್ಕಿ ಚುರ್ರೆನ್ನುತ್ತದೆ. ಇದರ ಜಾಣ್ಮೆ ಇರುವುದು ಕಿವಿಗಿಂತ ಮೇಲೆ ಕೂರುವ ಸಣ್ಣ ಸ್ಪಂಜಿನ ಮೆತ್ತೆಗಳಲ್ಲಿ. ಪಕ್ಕದ ಗುಂಡಿಯನ್ನು ಸರಿಸಿದರೆ ಒತ್ತಡದ ಒಂದು ಪಾಲು ಕಿವಿಯಿಂದ ತಲೆಯ ಪಕ್ಕಕ್ಕೆ ವರ್ಗವಾಗುತ್ತದೆ. ಬಟ್ಟಲುಗಳನ್ನು ಒಳಕ್ಕೆ ಮಡಚಿ, ಒಂದು ತುದಿಯ ಕೊಕ್ಕೆಯನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಮುಷ್ಟಿಗೆ ಬರುವ ಉಂಡೆ. ಧ್ವನಿಯಲ್ಲಿ ಬೇಸ್ ದುಂಡಗೆ, ಸ್ವಲ್ಪ ಹೆಚ್ಚಾಗಿ, ಟ್ರೆಬಲ್ ಮೆದು. ಕಂಠಸಂಗೀತಕ್ಕೆ, ಭಾವಗೀತೆಗೆ ಇದು ಒಪ್ಪುತ್ತದೆ. ಸ್ಪಂಜಿನ ಕುಶನ್ ಹರಿದರೆ ಎಳೆದು ತೆಗೆದು ಹೊಸದನ್ನು ಸಿಕ್ಕಿಸಲು ಯಾವ ಉಪಕರಣವೂ ಬೇಡ. ಮೂಲ ಮಾದರಿಯ ವೈರ್ ಮಾತ್ರ ನೇರ ಬಟ್ಟಲಿಗೆ ಹೋಗಿ ಸೇರುತ್ತದೆ. ಅದು ತುಂಡಾದರೆ ಬೆಸುಗೆ ಬಲ್ಲವರನ್ನು ಹುಡುಕಬೇಕು. ಗದ್ದಲದ ಬಸ್ಸಿನಲ್ಲಿ ಇದರಿಂದ ಪ್ರಯೋಜನವಿಲ್ಲ.

ಸೆನ್‌ಹೈಸರ್ ಎಚ್‌ಡಿ 25 ಇದಕ್ಕೆ ತದ್ವಿರುದ್ಧ. 1988ರಲ್ಲಿ ಪ್ರಸಾರ ಕೆಲಸದವರಿಗಾಗಿ ಮಾಡಿದ ಈ ಮುಚ್ಚಿದ ಬಗೆಯ ಜೋಡಿಯನ್ನು ಮುಂದೆ ಡಿಜೆಗಳು ತಮ್ಮದಾಗಿಸಿಕೊಂಡರು. 70 ಓಮ್, ವೈರ್ ಬಿಟ್ಟು 140 ಗ್ರಾಂ. ನೆತ್ತಿಯ ಪಟ್ಟಿ ಎರಡಾಗಿ ಬಿಡಿಸಿಕೊಂಡು ತಲೆಯನ್ನು ಹಿಡಿಯುತ್ತದೆ, ಒಂದು ಬಟ್ಟಲು ಹಿಂದಕ್ಕೆ ತಿರುಗುತ್ತದೆ. ಹಿಡಿತ ಬಿಗಿ, ಗಂಟೆಗಟ್ಟಲೆ ತೊಡುವುದು ಶಿಕ್ಷೆಯೇ. ಆದರೆ ಹೊರಗಿನ ಸದ್ದನ್ನು ಬ್ಯಾಟರಿಯ ಹಂಗಿಲ್ಲದೆ ತಡೆಯುತ್ತದೆ, ತಾಳವಾದ್ಯದ ಒಂದೊಂದು ಪೆಟ್ಟನ್ನೂ ಬಿಡಿಸಿ ಇಡುತ್ತದೆ. ವೈರ್, ಕುಶನ್, ಡ್ರೈವರ್, ತಲೆಪಟ್ಟಿ ಎಲ್ಲವೂ ಕೈಯಲ್ಲೇ ಬಿಚ್ಚಿ ಬರುತ್ತವೆ, ಎಲ್ಲವೂ ಬಿಡಿಯಾಗಿ ಸಿಗುತ್ತವೆ. ಬಾಳಿಕೆಯ ವಿಷಯದಲ್ಲಿ ಇದನ್ನು ಮೀರಿಸಿದ ಪೋರ್ಟಬಲ್ ಹೆಡ್‌ಫೋನ್ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು.

1991ರ ಸೋನಿ ಎಂಡಿಆರ್-7506 ಸಿನಿಮಾ ಮತ್ತು ಧ್ವನಿಮುದ್ರಣ ಕೆಲಸಗಾರರ ಅಚ್ಚುಮೆಚ್ಚು. 63 ಓಮ್, ಸುಮಾರು 230 ಗ್ರಾಂ, ಮಡಚಿ ಚೀಲಕ್ಕೆ ಹಾಕಬಹುದು. ಟ್ರೆಬಲ್ ಚುರುಕು. ಮುದ್ರಣದಲ್ಲಿರುವ ಉಸಿರು, ತುಟಿಯ ಸದ್ದು, ಹಿನ್ನೆಲೆಯ ಫ್ಯಾನು ಎಲ್ಲ ಕೇಳಿಸುತ್ತದೆ. ತಪ್ಪು ಹುಡುಕುವವರಿಗೆ ಅದು ವರ, ಮಲಗುವ ಮುನ್ನ ಹಾಡು ಕೇಳುವವರಿಗೆ ದಣಿವು. ಎಳೆದರೆ 3 ಮೀಟರ್ ಆಗುವ ಸುರುಳಿ ವೈರನ್ನು ಕಳಚಲಾಗದು, ಪ್ರಯಾಣದಲ್ಲಿ ಅದೊಂದು ಹೊರೆ. ತೆಳು ರೆಕ್ಸಿನ್ ಕುಶನ್ ಕಾಲಾಂತರದಲ್ಲಿ ಸುಲಿದು ಕಿವಿಯ ಸುತ್ತ ಕಪ್ಪು ಚೂರುಗಳನ್ನು ಅಂಟಿಸುತ್ತದೆ. ಆಡಿಯೊ-ಟೆಕ್ನಿಕಾ ಸಂಸ್ಥೆ ತನ್ನ 2007ರ ಎಂ50 ಮಾದರಿಯನ್ನು 2014ರಲ್ಲಿ ಎಂ50ಎಕ್ಸ್ ಆಗಿ ಪರಿಷ್ಕರಿಸುವಾಗ ಕಳಚಬಹುದಾದ ವೈರ್ ಕೊಟ್ಟಿತು. ಕೇಳಲು ಸಣ್ಣ ಬದಲಾವಣೆ, ಆದರೆ ಹೆಡ್‌ಫೋನಿನ ಆಯುಸ್ಸನ್ನು ಅದು ವರ್ಷಗಟ್ಟಲೆ ಹೆಚ್ಚಿಸುತ್ತದೆ. 285 ಗ್ರಾಂ, 38 ಓಮ್. ಬೇಸೂ ಟ್ರೆಬಲ್ಲೂ ತುಸು ಮೇಲಕ್ಕೆದ್ದ ಧ್ವನಿ.

ಸದ್ದಡಗಿಸುವ ಹೆಡ್‌ಫೋನುಗಳು

ಹೊರಗಿನ ಸದ್ದಿನ ಅಲೆಗೆ ಸರಿಯಾಗಿ ತಿರುಗುಮುರುಗಾದ ಅಲೆಯನ್ನು ಕೂಡಿಸಿ ಎರಡನ್ನೂ ಅಳಿಸುವ ಉಪಾಯಕ್ಕೆ ಜರ್ಮನಿಯ ಪಾಲ್ ಲೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಅದನ್ನು ತಲೆಗೆ ತೊಡಿಸಿದವರಲ್ಲಿ ಮುಖ್ಯರು ಅಮರ್ ಬೋಸ್. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಇವರು. 1978ರಲ್ಲಿ ಜ್ಯೂರಿಕ್‌ನಿಂದ ವಿಮಾನದಲ್ಲಿ ಮರಳುವಾಗ ಎಂಜಿನ್ನಿನ ಮೊರೆತದಲ್ಲಿ ಸಂಗೀತ ಕೇಳಲಾಗದೆ, ಅಲ್ಲೇ ಕೂತು ಲೆಕ್ಕ ಹಾಕಲು ಶುರುಮಾಡಿದರು. 1989ರಲ್ಲಿ ಪೈಲಟ್‌ಗಳ ಹೆಡ್‌ಸೆಟ್ ಬಂತು, 2000ದಲ್ಲಿ ಪ್ರಯಾಣಿಕರಿಗಾಗಿ ಕ್ವಯಟ್‌ಕಂಫರ್ಟ್.

ಈ ತಂತ್ರ ಗೆಲ್ಲುವುದು ಏಕತಾನದ ಮಂದ್ರ ಸದ್ದಿನ ಮೇಲೆ. ದೂರದ ಬಸ್ಸಿನ ಎಂಜಿನ್, ರೈಲಿನ ಗಡಗಡ, ವಿಮಾನದ ಮೊರೆತ ಗಮನಾರ್ಹವಾಗಿ ಇಳಿಯುತ್ತವೆ. ಹಾರ್ನ್, ಮಗುವಿನ ಅಳು, ಹಿಂದಿನ ಸೀಟಿನ ಮಾತುಕತೆ ಪೂರ್ತಿ ಹೋಗುವುದಿಲ್ಲ. ಅವುಗಳನ್ನು ತಡೆಯುವ ಕೆಲಸ ಮತ್ತೆ ಕುಶನ್ನಿನದೇ. ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ4 (2020) 254 ಗ್ರಾಂ ತೂಗುತ್ತಿತ್ತು, ಮಡಚಿಕೊಳ್ಳುತ್ತಿತ್ತು. 2022ರ ಎಕ್ಸ್‌ಎಂ5ರಲ್ಲಿ ಮಡಚುವ ಕೀಲನ್ನೇ ತೆಗೆದರು. 2025ರ ಎಕ್ಸ್‌ಎಂ6ರಲ್ಲಿ ಅದನ್ನು ಮರಳಿ ತಂದರು. ಚೀಲದಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ಜನ ಮರೆತಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. 2020ರ ಕೊನೆಗೆ ಬಂದ ಆ್ಯಪಲ್ ಏರ್‌ಪಾಡ್ಸ್ ಮ್ಯಾಕ್ಸ್ ಲೋಹದ ಬಟ್ಟಲುಗಳಿಂದಾಗಿ 385 ಗ್ರಾಂ ಮುಟ್ಟಿತು. ನೆತ್ತಿಯ ಮೇಲಿನ ಜಾಲರಿ ಭಾರವನ್ನು ಹಂಚುತ್ತದೆ, ಕುಶನ್ ಆಯಸ್ಕಾಂತದಿಂದ ಅಂಟಿಕೊಳ್ಳುವುದರಿಂದ ಬದಲಿಸುವುದು ಸುಲಭ. ಆದರೂ ಕತ್ತು ಬಗ್ಗಿಸಿ ಓದುವವರಿಗೆ ಆ ತೂಕ ತಿಳಿಯದೆ ಇರದು.

ಬಾಳಿಕೆ

ಮೂರು ಕಡೆ ಹೆಡ್‌ಫೋನ್ ಸೋಲುತ್ತದೆ: ವೈರು ಬಟ್ಟಲನ್ನೋ ಪಿನ್ನನ್ನೋ ಸೇರುವ ಮೂಲೆ, ಮಡಚುವ ಕೀಲು, ಕುಶನ್ನಿನ ರೆಕ್ಸಿನ್. ಪಾಲಿಯುರೆಥೇನ್ ಲೇಪವಿರುವ ರೆಕ್ಸಿನ್ ತೇವಾಂಶದೊಂದಿಗೆ ರಾಸಾಯನಿಕವಾಗಿ ವರ್ತಿಸಿ ಒಡೆಯುತ್ತದೆ. ಬಳಸದೆ ಕಪಾಟಿನಲ್ಲಿಟ್ಟರೂ ಈ ಕ್ರಿಯೆ ನಿಲ್ಲುವುದಿಲ್ಲ. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಸಿಕ್ಕ ಕುಶನ್ ಒಣಹವೆಯ ಊರಿನದ್ದಕ್ಕಿಂತ ಬೇಗ ಸುಲಿಯುವುದು ಇದರಿಂದಲೇ. ಸುಲಿದ ಕುಶನ್ ಗಾಳಿ ಬಿಡುತ್ತದೆ, ಬೇಸ್ ಇಳಿಯುತ್ತದೆ. ಡ್ರೈವರ್ ಹಾಳಾಯಿತೆಂದು ಜನ ಇಡೀ ಜೋಡಿಯನ್ನೇ ಎಸೆದುಬಿಡುತ್ತಾರೆ. ಡ್ರೈವರ್ ಮಾತ್ರ ದಶಕಗಳ ಕಾಲ ನುಡಿಯಬಲ್ಲದು.

2016ರಲ್ಲಿ ಐಫೋನ್ 7ರಿಂದ 3.5 ಮಿಲಿಮೀಟರ್ ಜ್ಯಾಕ್ ಮಾಯವಾದ ಮೇಲೆ ಮಾರುಕಟ್ಟೆ ಬ್ಲೂಟೂತ್ ಕಡೆಗೆ ವಾಲಿತು. ವೈರಿನ ತಂಟೆ ತಪ್ಪಿತು, ಅದರ ಜಾಗಕ್ಕೆ ಬ್ಯಾಟರಿ ಬಂತು. ಎಸ್‌ಬಿಸಿ, ಎಎಸಿ, ಎಲ್‌ಡಿಎಸಿ ಎಂಬ, ಬ್ಲೂಟೂತಿನಲ್ಲಿ ಕಳಿಸಲು ಧ್ವನಿಯನ್ನು ಅದುಮಿ ಕಿರಿದಾಗಿಸುವ ಕೋಡೆಕ್‌ಗಳ ಬಗ್ಗೆ ನಡೆಯುವ ವಾದಗಳಿಗೆ ಇಲ್ಲಿ ಹೆಚ್ಚು ಜಾಗ ಬೇಡ. ಕುಶನ್ ಸರಿಯಾಗಿ ಕೂರದೆ ಆಗುವ ನಷ್ಟದ ಮುಂದೆ ಅವುಗಳ ವ್ಯತ್ಯಾಸ ಅತ್ಯಲ್ಪ. ಬ್ಯಾಟರಿಯದು ಹಾಗಲ್ಲ. ಲಿಥಿಯಂ-ಅಯಾನ್ ಕೋಶ ನೂರಾರು ಬಾರಿ ಚಾರ್ಜ್ ಆದಂತೆ ಸೊರಗುತ್ತದೆ, ಹೆಚ್ಚಿನ ಮಾದರಿಗಳಲ್ಲಿ ಅದನ್ನು ಮನೆಯಲ್ಲಿ ಬದಲಿಸುವುದಕ್ಕೆ ದಾರಿಯೇ ಇಲ್ಲ. ನೆದರ್ಲೆಂಡ್ಸ್‌ನ ಫೇರ್‌ಫೋನ್ ಸಂಸ್ಥೆ 2023ರಲ್ಲಿ ಬ್ಯಾಟರಿ, ಕುಶನ್, ಡ್ರೈವರ್ ಎಲ್ಲವನ್ನೂ ಬಳಸುವವರೇ ಬದಲಿಸಬಹುದಾದ ಫೇರ್‌ಬಡ್ಸ್ ಎಕ್ಸ್‌ಎಲ್ ಎಂಬ ಹೆಡ್‌ಫೋನ್ ತಂದು, ಇದು ಸಾಧ್ಯ ಎಂದು ತೋರಿಸಿತು. ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಹಾಕುವಂತಿರಬೇಕು ಎಂಬ ಯುರೋಪಿಯನ್ ಒಕ್ಕೂಟದ ನಿಯಮ 2027ರ ಫೆಬ್ರವರಿ 18ರಿಂದ ಅನ್ವಯವಾಗುತ್ತದೆ. ಅಂಥದ್ದೊಂದು ನಿಯಮ ನಮ್ಮಲ್ಲೂ ಬರಬೇಕು.

ಕಿವಿಯ ಆರೋಗ್ಯ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ 4 ಗಂಟೆ ಮಾತ್ರ. ಗದ್ದಲದ ನಡುವೆ ಓಪನ್ ಹೆಡ್‌ಫೋನ್ ತೊಟ್ಟವರು ಹಾಡು ಕೇಳಲೆಂದು ಸದ್ದು ಏರಿಸುತ್ತಾರೆ, ಏರಿಸಿದ್ದು ಅರಿವಿಗೆ ಬರುವುದಿಲ್ಲ. ದಿನವೂ ಬಸ್ಸು, ಮೆಟ್ರೋಗಳಲ್ಲಿ ಕೇಳುವವರಿಗೆ ಮುಚ್ಚಿದ ಅಥವಾ ಸದ್ದಡಗಿಸುವ ಬಗೆಯೇ ಸರಿ. ಪೋರ್ಟಾ ಪ್ರೊದಂಥವು ಮನೆಗೆ, ಉದ್ಯಾನಕ್ಕೆ, ಶಾಂತವಾದ ಕಚೇರಿಗೆ.

ಕೊಳ್ಳುವಾಗ

ಕೊಳ್ಳುವ ಮುನ್ನ ನಿಮ್ಮದೇ ಕನ್ನಡಕ, ಓಲೆ ಹಾಕಿಕೊಂಡು, ನೀವು ಚೆನ್ನಾಗಿ ಬಲ್ಲ ಹಾಡನ್ನೇ ಹಾಕಿ ಕನಿಷ್ಠ ಅರ್ಧ ಗಂಟೆ ತೊಟ್ಟು ನೋಡಿ. ಹಾಡು ನಡೆಯುತ್ತಿರುವಾಗ ಎರಡೂ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಬೇಸ್ ಒಮ್ಮೆಲೇ ಹೆಚ್ಚಿದರೆ ಆ ಕುಶನ್ ನಿಮ್ಮ ತಲೆಗೆ ಕೂರುತ್ತಿಲ್ಲ ಎಂದು ತಿಳಿಯಿರಿ. ಆಮೇಲೆ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಇದರ ಕುಶನ್ ಮತ್ತು ವೈರ್ ಬಿಡಿಯಾಗಿ ಸಿಗುತ್ತವೆಯೇ? ಸಿಗುವುದಿಲ್ಲ ಎಂದರೆ, ಧ್ವನಿ ಎಷ್ಟೇ ಚೆನ್ನಾಗಿದ್ದರೂ, ಆ ಹೆಡ್‌ಫೋನನ್ನು ಕೊಳ್ಳಬೇಡಿ.